ಉಳಿದ ಮೂವತ್ತಾರು ಬೆರಳು

ಮೈಂದರ್ಗಿಯ ಹಿರಿಯ ರೈತರೊಬ್ಬರು ಅಕ್ಕಲಕೋಟ ಸಂಸ್ಥಾನದ ನಮ್ಮ ಕಚೇರಿಗೆ ನುಗ್ಗಿ, ಕರಿಮಣ್ಣು ಮೆತ್ತಿದ ನಾಲ್ಕು ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು.

“ಹೊಲದಾಗ ನಾಲ್ಕ ಬಟ್ಟ ಹಸಿ ಅದರಿ, ಸಾಹೇಬ್ರ. ಉಳದ ಮೂವತ್ತಾರು ಯಾರ ಹೊಲಕ್ಕ ಹ್ವಾದ್ವು?”

ಮಳೆಮಾಪಕ ನೋಡಿ ಹೊರಗಿನ ಹಲಗೆಯ ಮೇಲೆ ‘ಮಳೆ ೪೦’ ಎಂದಷ್ಟೇ ಬರೆದವನು ನಾನು. ನನ್ನ ಲೆಕ್ಕ ಸೆಂಟಿನದು, ಅಂದರೆ ಅಂಗುಲದ ನೂರನೇ ಪಾಲು. ನೆಲದ ಹಸಿಯನ್ನು ಬೆರಳಿನಿಂದ ಅಳೆದು ಬಿತ್ತುವ ಅವರು ಅದನ್ನು ನಲವತ್ತು ಬೆರಳೆಂದು ಓದಿ ಕೂರಿಗೆ ಹೂಡಿಸಿದ್ದರು. ಪುಣ್ಯಕ್ಕೆ, ಬೀಜ ಹಾಕುವ ಮುಂಚೆ ಮಣ್ಣು ಕೆದರಿ ನೋಡಿದ್ದರು.

ನಾನು ಬಿಡಿಸಿ ಹೇಳಿದ ಮೇಲೆ ಗಹಗಹಿಸಿ ನಕ್ಕರು. “ಇಷ್ಟ ಸಣ್ಣ ಮಳಿಗೆ ಅಷ್ಟ ದೊಡ್ಡ ಅಂಕಿ ಯಾಕ್ರಿ?”

ಈಗ ಅಂಕಿಯ ಪಕ್ಕದಲ್ಲಿ ‘ಸೆಂಟು’ ಎಂದು ಬರೆಯದೆ ನಾನು ಸೀಮೆಸುಣ್ಣ ಕೆಳಗಿಡುವುದಿಲ್ಲ. ಅವರು ಮಾತ್ರ ಬಂದಾಗಲೆಲ್ಲ ಹಲಗೆ ಓದಿ, ಬಗ್ಗಿ, ಕಚೇರಿಯ ಅಂಗಳಕ್ಕೂ ಬೆರಳು ಚುಚ್ಚಿ ನೋಡುತ್ತಾರೆ.