ನೀರಿನ ಕಾಲಂ

2025ರ ಮಾರ್ಚ್ 3, ಸೋಮವಾರ, ಬೆಳಗ್ಗೆ 6:40. ವ್ಯಾನ್ ತೆಗೆಯಲು ಇನ್ನೂ ಐವತ್ತು ನಿಮಿಷವಿತ್ತು. ಕಕ್ಕಸಿನಲ್ಲಿ ಏಳುವ ಮುಂಚೆ ಕೆಳಗೆ ನೋಡಿದೆ.

ರಕ್ತ.

ನಾನು ಅಜ್ಜಂಪುರದಲ್ಲಿ ಶಾಲಾ ವ್ಯಾನ್ ಓಡಿಸುತ್ತೇನೆ. ವಯಸ್ಸು ಇಪ್ಪತ್ತೇಳು. ಯಾವ ಹಳ್ಳಿಗೆ ಎಷ್ಟು ಗಂಟೆಗೆ ತಲುಪಿದೆ, ಯಾವ ಮಗು ಬರಲಿಲ್ಲ ಎಂದು ದಿನಾ ಬರೆದಿಡುತ್ತೇನೆ. ಇದನ್ನೂ ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ. ಒಂದು ಸಲಕ್ಕೆ ಒಂದು ಗೀಟು. ಮಾರ್ಚ್‌ನಲ್ಲಿ ಒಂಬತ್ತು ಗೀಟು. ಏಪ್ರಿಲ್ ಮೊದಲ ವಾರದಲ್ಲೇ ಐದು.

ಶಾಲೆಗೆ ರಜೆ ಬಂದ ಮೇಲೆ ತರೀಕೆರೆಯ ಡಾಕ್ಟರ ಹತ್ತಿರ ಹೋದೆ. ಪೈಲ್ಸ್, ಗ್ರೇಡ್ ತ್ರೀ, ಆಪರೇಷನ್ ಮಾಡಬೇಕು ಎಂದರು. ನಾನು ಕೇಳಿದ್ದು ಒಂದೇ. ಮೇ 29ಕ್ಕೆ ಶಾಲೆ ಶುರು, ಅಷ್ಟರಲ್ಲಿ ಡ್ರೈವರ್ ಸೀಟಿನಲ್ಲಿ ಕೂರಬಹುದಾ? ಅಂದು ನಾನು ಹೋಗದಿದ್ದರೆ ಮಾಲೀಕರು ಬೇರೆಯವನನ್ನು ಕೂರಿಸುತ್ತಾರೆ. ಕೂತವನು ಏಳುವುದಿಲ್ಲ.

"ಹೇಳಿದಂಗೆ ಕೇಳಿದ್ರೆ ಕೂರಬೋದು," ಎಂದರು ಡಾಕ್ಟರು. "ಆಪರೇಷನ್ ನನ್ ಕೆಲಸ. ಆಮೇಲಿಂದು ನಿಮ್ದು."

ಮೇ 5ಕ್ಕೆ ಆಪರೇಷನ್ ಆಯಿತು. ಮರುದಿನ ಡಿಸ್ಚಾರ್ಜ್. ಕೈಗೆ ಒಂದು ಚೀಟಿ ಕೊಟ್ಟರು. ನೋವಿರಲಿ ಬಿಡಲಿ, ಐದು ದಿನ ಮೂರು ಹೊತ್ತು ಪೇನ್‌ಕಿಲ್ಲರ್. ಮಲಗುವಾಗ ಫೈಬರ್ ಪುಡಿ. ದಿನಕ್ಕೆ ಹತ್ತು ಲೋಟ ನೀರು, ಸೊಪ್ಪು, ತರಕಾರಿ. ಮೂರು ಸಲ ಟಬ್ಬಿನ ಬೆಚ್ಚನೆ ನೀರಿನಲ್ಲಿ ಕೂರುವುದು.

ಮನೆಗೆ ಬಂದು ಹೊಸ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದೆ. ಗಂಟೆ, ನೋವು ಹತ್ತಕ್ಕೆ ಎಷ್ಟು, ಮಾತ್ರೆ, ಟಬ್ಬು.

ಅಜ್ಜಿ ಚೀಟಿಯನ್ನು ಕೇಳಿಸಿಕೊಳ್ಳಲಿಲ್ಲ. ಅವಳ ಪ್ರಕಾರ ಕೊಯ್ದ ಮೈ ಎಂದರೆ ಹಸಿ ಮೈ. ಹಸಿ ಮೈಗೆ ನಮ್ಮ ಮನೆಯಲ್ಲಿರುವುದು ಒಂದೇ ಪಥ್ಯ, ಬಾಣಂತಿಯದು. ಹಳೇ ಅಕ್ಕಿ ಅನ್ನ, ತುಪ್ಪ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಸೊಪ್ಪಿಲ್ಲ, ಕಾಳಿಲ್ಲ. ನೀರು ಊಟಕ್ಕೊಂದು ಲೋಟ, ಅದೂ ಅರ್ಧ ಲೋಟವಾಗುತ್ತಿತ್ತು.

"ಹಸೀ ಗಾಯಕ್ಕೆ ನೀರು ಕುಡುದ್ರೆ ನಂಜಾಗುತ್ತೆ ಕಣೋ. ನಿಮ್ಮಪ್ಪನ್ನ ಹೆತ್ತಾಗ ನಾನು ಹಿಂಗೇ ಇದ್ದಿದ್ದು."

"ನಾನೇನು ಹೆತ್ತಿದ್ದೀನಾ ಅಜ್ಜಿ?"

"ಹೆತ್ತೋರಿಗಿಂತ ಜಾಸ್ತಿ ನರಳ್ತಿದ್ದೀಯಲ್ಲ. ಸುಮ್ನೆ ಉಣ್ಣು."

ಸುಮ್ಮನೆ ಉಂಡೆ. ಅಜ್ಜಿಯ ಮೇಲಷ್ಟೇ ತಪ್ಪು ಹಾಕಲಾರೆ. ಕಡಿಮೆ ತಿಂದರೆ ಕಕ್ಕಸಿಗೆ ಹೋಗುವುದೂ ಕಡಿಮೆ ಎಂಬ ಲೆಕ್ಕ ನನ್ನದೇ. ಪುಡಿಯ ಡಬ್ಬಿ ತೆರೆಯದೆ ಇಟ್ಟವನೂ ನಾನೇ. ಇನ್ನೊಂದು ತಪ್ಪು ಪುಸ್ತಕದ್ದು. ನೋವು ನಾಲ್ಕಕ್ಕಿಂತ ಕಡಿಮೆ ಇದ್ದಾಗ ಮಾತ್ರೆ ಬಿಟ್ಟೆ, ಏಕೆಂದರೆ ಮಾತ್ರೆ ನುಂಗಿ ಬರೆದ ಅಂಕಿ ಮಾತ್ರೆಯದು, ನನ್ನ ನೋವಿನದಲ್ಲ ಅನ್ನಿಸುತ್ತಿತ್ತು. ಮಾತ್ರೆ ಬಿಟ್ಟು ಎರಡು ಗಂಟೆಯೊಳಗೆ ಏಳು ಎಂದು ಬರೆಯುತ್ತಿದ್ದೆ. ಆಮೇಲೆ ನುಂಗಿದರೂ ಬೇಗ ಇಳಿಯುತ್ತಿರಲಿಲ್ಲ.

ಮೇ 7, 8, 9. ಮೋಷನ್ ಇಲ್ಲ.

ಮೇ 10, ಶನಿವಾರ, ಬೆಳಗ್ಗೆ 6:10.

ಹತ್ತಕ್ಕೆ ಹತ್ತು.

ಇಪ್ಪತ್ತೆರಡು ನಿಮಿಷ. ಗೋಡೆಯ ನಲ್ಲಿಯನ್ನು ಹಿಡಿದುಕೊಂಡಿದ್ದೆ. ಎದ್ದಾಗ ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು. ರಕ್ತವೂ ಇತ್ತು. ಅಷ್ಟು ದಿನ ತಲೆಯಲ್ಲಿದ್ದ ಮೇ 29 ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಇನ್ನು ಊಟವನ್ನೇ ಮಾಡಬಾರದು ಎಂಬ ಯೋಚನೆಯೊಂದೇ ಉಳಿದಿತ್ತು. ಅಂದು ಮಧ್ಯಾಹ್ನ ಊಟ ಬೇಡ ಎಂದೆ.

ತಟ್ಟೆ ತಂದವರು ಅತ್ತಿಗೆ. ಸೊಂಟದ ಮೇಲೆ ಏಳು ತಿಂಗಳ ಮಗು. ತಟ್ಟೆ ಕೆಳಗಿಟ್ಟು ಪುಸ್ತಕ ತೆಗೆದುಕೊಂಡು ನೋಡಿದರು.

"ಗಂಟೆ ಬರ್ದಿದ್ದೀಯ, ಮಾತ್ರೆ ಬರ್ದಿದ್ದೀಯ. ನೀರೆಷ್ಟು ಕುಡ್ದೆ ಮಂಜು?"

"ಅದು ಬರ್ದಿಲ್ಲ."

"ಬರ್ದಿಲ್ಲ ಅನ್ನೋದು ಕಾಣ್ತಿದೆ. ಕುಡ್ದಿದ್ದೆಷ್ಟು?"

ನೆನಪು ಮಾಡಿಕೊಂಡು ಎಣಿಸಿದೆ. ನಾಲ್ಕು ದಿನಕ್ಕೆ ಒಂಬತ್ತು ಲೋಟ.

ಅತ್ತಿಗೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇವ್ನು ಹುಟ್ದಾಗ ನನಗೂ ಹಿಂಗೇ ಆಯ್ತು. ಹತ್ತನೇ ದಿನಕ್ಕೆ ರಕ್ತ. ಈಗ್ಲೂ ಬರುತ್ತೆ."

"ಯಾರಿಗೂ ಹೇಳ್ಲಿಲ್ವಾ?"

"ಯಾರಿಗ್ ಹೇಳ್ಲಿ, ನಿಮ್ಮಣ್ಣಂಗಾ? ನೆಗಡಿ ಬಂದ್ರೆ ಮೂರ್ ದಿನ ಮಲ್ಗೋನು."

ಅದೇ ಮನೆ, ಅದೇ ಕಕ್ಕಸು, ಅದೇ ನಲ್ಲಿ. ನನ್ನ ಗೀಟುಗಳು ಎರಡು ತಿಂಗಳವು. ಅವರು ಏಳು ತಿಂಗಳಿಂದ ಒಂದನ್ನೂ ಎಳೆದಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದ್ದು ಅವರೇ. ಅವತ್ತೇ ಅಣ್ಣ ಕಾರು ತಂದ. ಹಿಂದಿನ ಸೀಟಿನಲ್ಲಿ ನಾನು ಬೋರಲು ಮಲಗಿ, ಅತ್ತಿಗೆ ಮುಂದೆ ಮಗು ಹಿಡಿದು ಕೂತು, ತರೀಕೆರೆಗೆ ಹೋದೆವು. ಗಾಯ ಸ್ವಲ್ಪ ಹರಿದಿದೆ, ಇನ್‌ಫೆಕ್ಷನ್ ಇಲ್ಲ ಎಂದರು ಡಾಕ್ಟರು. ಪುಸ್ತಕ ತೋರಿಸಿದೆ, ಅಜ್ಜಿಯ ಬಾಣಂತಿ ಪಥ್ಯವನ್ನೂ ಹೇಳಿದೆ.

"ಚೆನ್ನಾಗಿ ಬರ್ದಿದ್ದೀರಿ. ಮಾತ್ರೆ ನೋವು ಬಂದ ಮೇಲಲ್ಲ, ಬರೋಕ್ ಮುಂಚೆ. ನೀರು ಕುಡೀದಿದ್ರೆ ಗಟ್ಟಿಯಾಗೇ ಆಗುತ್ತೆ. ಗಟ್ಟಿಯಾದ್ರೆ ಗಾಯ ಹರಿಯುತ್ತೆ. ಬಾಣಂತಿಗೂ ಇದೇ ಮಾತು."

ಅತ್ತಿಗೆ ನೆಲ ನೋಡುತ್ತಿದ್ದರು. ಆಮೇಲೆ, "ಡಾಕ್ಟ್ರೇ, ನನ್ನೂ ಒಂದ್ಸಲ ನೋಡ್ತೀರಾ?" ಎಂದರು.

ನಾನು ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಕೂರಲು ಆಗುತ್ತಿರಲಿಲ್ಲ. ಇಪ್ಪತ್ತು ನಿಮಿಷ ನಿಂತಿದ್ದೆವು, ನಾನೂ ಅವನೂ. ಅತ್ತಿಗೆಗೆ ಆಪರೇಷನ್ ಬೇಡ, ಔಷಧಿ ಮತ್ತು ಊಟದಲ್ಲಿ ನೋಡೋಣ ಎಂದರಂತೆ.

ಐದನೆಯ ಕಾಲಂ, ನೀರಿನದು, ಎಳೆದದ್ದು ಅತ್ತಿಗೆ. ಹಾಳೆಯ ಹಿಂದುಗಡೆ ತಮಗೂ ಒಂದು ಎಳೆದುಕೊಂಡರು. "ಇಬ್ರೂ ಸೇರ್ಕಂಡು ಪಥ್ಯ ಕೆಡಿಸ್ತಿದ್ದೀರ," ಎಂದು ಅಜ್ಜಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೇ 14ರಂದು ನನ್ನ ಹಾಸಿಗೆ ಪಕ್ಕ ಒಂದು ಚೊಂಬು ಇತ್ತು. ಯಾರಿಟ್ಟರು ಎಂದು ನಾನು ಕೇಳಲಿಲ್ಲ. ಸಂಜೆ ಅಜ್ಜಿ ಬಂದು ಚೊಂಬಿನೊಳಗೆ ಬಗ್ಗಿ ನೋಡಿ, "ಎಷ್ಟಾಯ್ತು?" ಎಂದಳು.

"ಎಂಟು."

"ಬರ್ಕಾ."

ಮೇ 12ಕ್ಕೆ ನೋವು ಏಳು. 15ಕ್ಕೆ ಐದು. 18ಕ್ಕೆ ಮತ್ತೆ ಆರು, ಕಾರಣ ತಿಳಿಯಲಿಲ್ಲ. 22ಕ್ಕೆ ಮೂರು. ಬಿಸಿನೀರಿನಲ್ಲಿ ಕೂತ ಹದಿನೈದು ನಿಮಿಷ ಮಾತ್ರ ಯಾವಾಗಲೂ ಎರಡಕ್ಕೆ ಇಳಿಯುತ್ತಿತ್ತು.

ಮೇ 29, ಗುರುವಾರ, 7:30. ಸೀಟಿನ ಮೇಲೆ ಮಡಿಸಿದ ದುಪ್ಪಟಿ ಹಾಕಿ ಕೂತೆ. ಮೊದಲ ಟ್ರಿಪ್ 41 ನಿಮಿಷ. ಪ್ರತಿ ಹಳ್ಳಿಯಲ್ಲೂ ಇಳಿದು ನಿಂತೆ. ನೋವು ಎರಡು. ಬಂದ ಮಕ್ಕಳು ಹದಿನೇಳು.

ಇದನ್ನು ಬರೆಯುತ್ತಿರುವುದು ಜೂನ್ 30ರಂದು. ಈ ತಿಂಗಳು ನನ್ನ ಹಾಳೆಯಲ್ಲಿ ರಕ್ತದ ಗೀಟಿಲ್ಲ. ಅತ್ತಿಗೆಯದರಲ್ಲಿ ಎರಡಿವೆ. ಗುಣವಾಯಿತು ಎಂದು ಇಬ್ಬರೂ ಬರೆದಿಲ್ಲ. ಡಾಕ್ಟರು ಹೇಳಿದ್ದು, ಅತ್ತಿಗೆ ನೀರಿನ ಲೆಕ್ಕ ಕೇಳಿದ್ದು, ಎರಡರಿಂದಲೂ ಉಪಕಾರವಾಯಿತು. ಅತ್ತಿಗೆ ಕೇಳದಿದ್ದರೆ ಡಾಕ್ಟರ ಚೀಟಿ ಮಡಿಸಿದಂತೆಯೇ ಇರುತ್ತಿತ್ತು.

ಕಡೂರಿನಲ್ಲಿರುವ ಅತ್ತಿಗೆಯ ತಂಗಿಗೆ ಆಗಸ್ಟ್‌ನಲ್ಲಿ ಹೆರಿಗೆ. ಅವರ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಾರೆ. ಬಾಣಂತಿಗೆ ಬೇಕಾದಷ್ಟು ನೀರು ಕೊಟ್ಟ ಮನೆಗಳು ಇದ್ದರೆ, ಹಿರಿಯರನ್ನು ಹೇಗೆ ಒಪ್ಪಿಸಿದಿರಿ ಎಂದು ಅಷ್ಟರೊಳಗೆ ಈ ಪತ್ರಿಕೆಗೆ ಬರೆದು ತಿಳಿಸಿ. ಹೆಸರು ಬೇಡ. ಎಷ್ಟನೇ ದಿನ, ಎಷ್ಟು ಲೋಟ, ಅಷ್ಟು ಬರೆದರೆ ಸಾಕು.