ಆಟೋ ಪ್ಯಾಕಿಂಗ್

ಹೊಳೆನರಸೀಪುರದ ಮೆಕ್ಯಾನಿಕ್ ಕಾಂತರಾಜು ಹುಟ್ಟಿದ್ದೇ ಅವಸರದಲ್ಲಿರಬೇಕು. ಊಟಕ್ಕೂ ನೆಟ್ಟಗೆ ಕೂತವನಲ್ಲ. ತಿರುನಾರಾಯಣ ಮೇಷ್ಟ್ರ ಹಳೆಯ ವಿದೇಶಿ ಕಾರು ಶೆಡ್ಡಿಗೆ ಬಂದದ್ದೇ ತಡ, ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತಳದಿಂದ ಆಯಿಲ್ ಸೋರುತ್ತಿತ್ತು. ಅಲ್ಲಿಗೆ, ತಳದ ತಟ್ಟೆಯ ಸಂದಿನಿಂದ ಎಣ್ಣೆ ಜಿನುಗದಂತೆ ಕೂರಿಸುವ ಹೊಸ ಪ್ಯಾಕಿಂಗ್ ಬೇಕಿತ್ತು. ಹಾಸನಕ್ಕೆ ಓಡಿದವನು ಅಂಗಡಿಯಲ್ಲಿ, "ಆಟೋ ಗೇರ್‌ಬಾಕ್ಸ್ ಪ್ಯಾಕಿಂಗ್ ಕೊಡಿ" ಎಂದ. ಕೊಟ್ಟದ್ದನ್ನು ನೋಡದೆ ಜೇಬಿಗಿಳಿಸಿ ಬಂದ. ಶೆಡ್ಡಿನಲ್ಲಿ ಬಿಚ್ಚಿದರೆ ಅದು ಆಟೋರಿಕ್ಷಾದ್ದು, ಅಂಗೈಯಗಲ.

"ನಿನಗೆ ಬಾಯಿಗಿಂತ ಕಾಲೇ ಮುಂದು ಕಣಯ್ಯ," ಎಂದರು ಮೇಷ್ಟ್ರು. "ಈ ಕಾರಿಗೆ ಎರಡು ಥರದ ಗೇರ್‌ಬಾಕ್ಸ್ ಕೂರಿಸ್ತಿದ್ರು. ನಮ್ಮದು ಯಾವುದು ಅಂತ ಮೊದಲು ನೋಡು. ತಳದ ತಟ್ಟೆ ಚೌಕವಾಗಿದ್ರೆ ಒಂದು, ಮೂಲೆ ಕತ್ತರಿಸಿದ ಹಾಗಿದ್ರೆ ಇನ್ನೊಂದು."

ಕಾಂತರಾಜು ರಿಕ್ಷಾದ್ದನ್ನು ಮತ್ತೆ ಜೇಬಿಗೆ ತುರುಕಿ, ಕಾರಿನಡಿ ನುಸುಳಿ, ಹಳೇ ನ್ಯೂಸ್‌ಪೇಪರನ್ನು ತಟ್ಟೆಗೆ ಒತ್ತಿದ. ಎಣ್ಣೆಯ ಅಚ್ಚು ಮೂಡಿತು. ಒಂದು ಮೂಲೆ ಕತ್ತರಿಸಿದಂತೆಯೇ ಇತ್ತು.

"ಗೊತ್ತಾಯ್ತು ಸಾ. ಈ ಅಚ್ಚು ತೋರ್ಸಿ ಸರಿಯಾದ್ದೇ ತಂದ್ಬುಡ್ತೀನಿ," ಎಂದವನೇ, ಹೊರಟಿದ್ದ ಹಾಸನದ ಬಸ್ಸಿಗೆ ಹಾರಿದ.

ಊರು ದಾಟಿದ ಮೇಲೆ ಜೇಬು ತಡಕಿದ. ಸಿಕ್ಕಿದ್ದು ರಿಕ್ಷಾದ ಪ್ಯಾಕಿಂಗ್. ಅಚ್ಚಿನ ಪೇಪರು ಕಾರಿನ ಹೊಟ್ಟೆಗೇ ಅಂಟಿಕೊಂಡಿತ್ತು.