ಮೋಟಾರೆಂದು ಕಟ್ಟಿದ ಹಗ್ಗ

ಗಾಳಿ, ಸೋಕು, ದೆವ್ವ ಎಂದರೆ ನಗುತ್ತಿದ್ದವನು ನಾನು. ಅಮ್ಮಿ ಗಾಳಿ ಬಿಡಿಸುವ ಮುರುಗಮಲ್ಲದ ದರ್ಗಾಕ್ಕೆ ಹೊರಟರೆ, ಬಸ್ಸಿನ ಗಾಳಿಯಾದರೂ ಸಿಗುತ್ತದೆ ಹೋಗು ಎಂದು ಕಾಲೆಳೆಯುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆಯೇ ಎಂದರೆ ಅದೂ ಇಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಚಿಂತಾಮಣಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬಾವಿಗಳಲ್ಲಿ ಈಜಿ ಬೆಳೆದವನಾದ್ದರಿಂದ, ಯಾರದಾದರೂ ಮೋಟಾರು ಬಾವಿಗೆ ಬಿದ್ದರೆ ಮುಳುಗಿ ಹಗ್ಗ ಕಟ್ಟುವ ಕೆಲಸವೂ ನನಗೇ ಬರುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಶಾಲೆಯ ಗೆಳೆಯ ನಾಗರಾಜನ, ನೀರಿನೊಳಗೇ ಓಡುವ ಉದ್ದ ಕೊಳವೆಯಂಥ ಮೋಟಾರು ಹಾಗೆ ಬಿತ್ತು. ಹೂಳು ತುಂಬಿ ಎಷ್ಟೋ ಕಾಲ ಬತ್ತಿಹೋಗಿದ್ದ ಬಾವಿ ಅದು. ಆ ಸಲದ ಭಾರಿ ಮಳೆಗೆ ಒಂದು ಮಗ್ಗುಲು ಕುಸಿದು, ಆಳುದ್ದಕ್ಕಿಂತ ಹೆಚ್ಚು ನೀರು ನಿಂತಿತ್ತು.

ಕೆಸರು ನೀರಿನಲ್ಲಿ ಏನೂ ಕಾಣದು, ಕೈಯಿಂದಲೇ ತಡಕಬೇಕು. ಕಟ್ಟಿದ ಮೇಲೆ ಹಗ್ಗವನ್ನು ಎರಡು ಸಲ ಜಗ್ಗಿದರೆ 'ಎಳಿ' ಎಂದರ್ಥ. ಬಿಡದೆ ಅಲ್ಲಾಡಿಸಿದರೆ 'ಎಳೆಯಬೇಡ'. ಮೇಲೆ ಬಂದ ಮೋಟಾರಿಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಹೆಪ್ಪುಗಟ್ಟಿದ ಕೆಸರು ಉದುರಿಸುವುದು ನಮ್ಮ ಕಡೆ ಎಲ್ಲರ ಅಭ್ಯಾಸ. ನಾಗರಾಜನೂ ಸುತ್ತಿಗೆ ಪಕ್ಕದಲ್ಲಿಟ್ಟುಕೊಂಡೇ ರಾಟೆಯ ಹತ್ತಿರ ನಿಂತಿದ್ದ.

ಮುಳುಗಿದೆ. ದುಂಡನೆಯ ಕಬ್ಬಿಣ ಕೈಗೆ ಸಿಕ್ಕಿತು. ದಪ್ಪ, ಉದ್ದ ಎಲ್ಲ ಮೋಟಾರಿನದೇ. ಅನುಮಾನವೇ ಬರಲಿಲ್ಲ. ಗಂಟು ಬಿಗಿದು, ಎರಡು ಸಲ ಜಗ್ಗಿ, ಮೇಲೆ ಬಂದು ಬಾವಿಯ ಮೆಟ್ಟಿಲ ಮೇಲೆ ಕುಳಿತೆ. ಹಗ್ಗ ಮೇಲೆ ಹೋಗಲಿಲ್ಲ. ಸಿಟ್ಟು ನೆತ್ತಿಗೇರಿ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನಾಗರಾಜನೇ ಕೂಗಿದ:

"ಗೊತ್ತಾಯ್ತು ಕಣೋ, ಎಳಿಯಲ್ಲ! ಎಷ್ಟು ಅಲ್ಲಾಡಿಸ್ತೀಯ? ಕೈ ಕಿತ್ತೋಗತ್ತೆ, ನಿಲ್ಸಪ್ಪಾ!"

ಅವನು ನಿಂತಲ್ಲಿಂದ ಮೆಟ್ಟಿಲು ಕಾಣುವುದಿಲ್ಲ. ನನ್ನ ಎರಡೂ ಕೈ ನನ್ನ ಮೊಣಕಾಲ ಮೇಲಿದ್ದವು. ಹಗ್ಗ ನನ್ನ ಕಣ್ಣೆದುರಿಗೇ, ನೀರಿನೊಳಗಿಂದ ಅಲ್ಲಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಂತಿತು.

"ಏನಾಯ್ತೋ ಒಳಗೆ?" ಎಂದ.

"ಯಾಕೋ ಸರಿ ಅನ್ನಿಸ್ಲಿಲ್ಲ ಕಣೋ," ಎಂದೆ. ನನಗೆ ಹಾಗೇನೂ ಅನ್ನಿಸಿರಲಿಲ್ಲ. ಹೆದರಿದ್ದೆ, ಅಷ್ಟೇ. ಹೆದರಿದ್ದೇನೆಂದು ಅವನಿಗೆ ಗೊತ್ತಾಗಬಾರದಿತ್ತು.

ನಾಗರಾಜ ಪಕ್ಕದ ತೋಟದಿಂದ ಡೀಸೆಲ್ ಪಂಪು ತಂದು ನೀರು ಇಳಿಸಿದ. ತಳ ಕಂಡಾಗ ಮೋಟಾರು ಒಂದು ಮೂಲೆಯಲ್ಲಿ ಬಿದ್ದಿತ್ತು. ನನ್ನ ಹಗ್ಗ ಬಿಗಿದಿದ್ದದ್ದು ತುಕ್ಕು ಹಿಡಿದ ಬಾಂಬಿಗೆ. ಕುಸಿದ ಮಣ್ಣಿನಲ್ಲಿ ಅಂಥವೇ ಇನ್ನೂ ಕೆಲವು ತಲೆ ಹೊರಹಾಕಿದ್ದವು.

ಪೊಲೀಸರು ಬಂದರು, ಬಾಂಬು ತೆಗೆಯುವವರು ಬಂದರು. ಎರಡನೇ ಮಹಾಯುದ್ಧದ ಕಾಲದವು, ಇಲ್ಲಿ ಬೀಡುಬಿಟ್ಟಿದ್ದ ಸೈನಿಕರು ಹೋಗುವಾಗ ಬಾವಿಗೆ ಹಾಕಿರಬಹುದು ಎಂದರು. ಒಳಗಿನ ಮದ್ದು ಸತ್ತಿಲ್ಲ, ಒಂದು ಏಟು ಬಿದ್ದಿದ್ದರೂ ಮುಗಿಯುತ್ತಿತ್ತು ಎಂದರು. ನೀರೊಳಗೆ ನಿಮಗೆ ಹೇಗೆ ಗೊತ್ತಾಯಿತು ಎಂದು ಅಧಿಕಾರಿ ಕೇಳಿದರೆ, ನಾನು ಬಾಯಿ ಬಿಡುವ ಮೊದಲೇ ನಾಗರಾಜ, "ದಿನಾ ಮೋಟಾರ್ ಮುಟ್ಟೋ ಕೈ ಸಾರ್, ಗೊತ್ತಾಗದೆ ಇರತ್ತಾ?" ಎಂದ. ನಾನು ತಲೆಯಾಡಿಸಿದೆ.

ಊರವರು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡಿದರು. ಅಲ್ಲಾದರೂ ಹೇಳಬಹುದಿತ್ತು. ಹೇಳಿದರೆ, ಮೋಟಾರಿಗೂ ಬಾಂಬಿಗೂ ವ್ಯತ್ಯಾಸ ತಿಳಿಯದವನೆಂದು ಅಂಗಡಿಗೆ ಯಾರೂ ಬರುವುದಿಲ್ಲ. ಹಗ್ಗ ತಾನೇ ಅಲ್ಲಾಡಿತು ಎಂದರೆ ಅಮ್ಮಿ ನನ್ನನ್ನೇ ದರ್ಗಾಕ್ಕೆ ಎಳೆದುಕೊಂಡು ಹೋಗುತ್ತಾಳೆ. ಶಾಲು ಹೊದ್ದುಕೊಂಡು ಫೋಟೊಕ್ಕೆ ನಿಂತೆ. ಆ ಫೋಟೊ ನೋಡಿದರೆ ಇಂದಿಗೂ ಮೈಯೆಲ್ಲ ಹಿಡಿಯಷ್ಟಾಗುತ್ತದೆ.

ಮೀನಿರಬಹುದು, ಮಣ್ಣು ಜಾರಿರಬಹುದು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಮನಸ್ಸು ಒಪ್ಪುವುದಿಲ್ಲ.

ಆಮೇಲೆ ನಾಗರಾಜನಿಗೆ ಮಗಳು ಹುಟ್ಟಿದಳು. ಅವರ ಮನೆಗೆ ಹೋದಾಗಲೆಲ್ಲ ಅವನ ಹೆಂಡತಿ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, "ಈ ಮಾಮ ಇಲ್ದಿದ್ರೆ ನಿಮ್ಮಪ್ಪ ಇರ್ತಿರ್ಲಿಲ್ಲ ಕಣಮ್ಮ," ಎನ್ನುತ್ತಾಳೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗುವುದಿಲ್ಲ. ಎಳಿ ಎಂದು ಜಗ್ಗಿದವನು ನಾನು. ಬೇಡ ಎಂದವರು ಯಾರೋ, ನನಗೆ ಗೊತ್ತಿಲ್ಲ.